ಲ್ಯಾಪ್‌ಟಾಪ್ ಬ್ಯಾಟರಿ ಬದಲಿಸಿದ ಮೇಲೆ ಕಾಣೆಯಾದ ಎಸ್‌ಎಸ್‌ಡಿ: ಐವತ್ತು ರೂಪಾಯಿಯೊಳಗೆ ಸರಿಪಡಿಸಿದ ಬಗೆ

ಲ್ಯಾಪ್‌ಟಾಪಿನ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಡ್ರೈವ್) ಸತ್ತಿದೆ, 3,500 ಕೊಟ್ಟರೆ ಹೊಸದು ಹಾಕಿಕೊಡುತ್ತೇವೆ ಎಂದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಇಬ್ಬರು ರಿಪೇರಿಯವರು ಹೇಳಿದರು. ಇನ್ನೊಬ್ಬರು ಮದರ್‌ಬೋರ್ಡ್‌ಗೇ ಕೈ ತೋರಿಸಿ ಏಳೆಂಟು ಸಾವಿರದ ಲೆಕ್ಕ ಕೊಟ್ಟರು. ಅದೇ ಎಸ್‌ಎಸ್‌ಡಿ, ಅದೇ ಬೋರ್ಡ್ ಮೇಲೆ ನಮ್ಮ ದಾಲ್ ಮಿಲ್ಲಿನ ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಈಗ ಆರೇಳು ತಿಂಗಳಿಂದ ನಿಲ್ಲದೆ ಓಡುತ್ತಿದೆ. ಬ್ಯಾಟರಿಗೆ 2,000ದ ಆಸುಪಾಸು ಹೋಯಿತು. ಉಳಿದ ಕೆಲಸಕ್ಕೆ ಐವತ್ತು ರೂಪಾಯಿಯೂ ಆಗಲಿಲ್ಲ.

ಮೇ ತಿಂಗಳ 42–43 ಡಿಗ್ರಿ ಬಿಸಿಲು, ದಿನವಿಡೀ ಚುಚ್ಚಿಟ್ಟ ಚಾರ್ಜರ್. ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಮೇಲೆತ್ತಿತ್ತು. ಹೊಸದನ್ನು ಕೂರಿಸಿ ಆನ್ ಮಾಡಿದರೆ, ವಿಂಡೋಸ್‌ಗೂ ಮೊದಲು ಏಳುವ ಬಯಾಸ್‌ನ ಸೆಟ್ಟಿಂಗ್ ಪರದೆಯಲ್ಲಿ ಡ್ರೈವಿನ ಸಾಲೇ ಖಾಲಿ.

ಬ್ಯಾಟರಿ ಕಳಚಿದಾಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳು ಬದಲಾಗುವುದುಂಟು: ಡ್ರೈವ್ ಜೊತೆ ಮಾತಾಡುವ ಬಗೆ ಎಎಚ್‌ಸಿಐ ಇದ್ದದ್ದು ರೇಡ್ ಆಗುತ್ತದೆ, ವಿಂಡೋಸ್ ಏಳಿಸುವ ಬಗೆ ಯುಇಎಫ್‌ಐ ಇದ್ದದ್ದು ಲೆಗಸಿ ಆಗುತ್ತದೆ. ಗಡಿಯಾರವೂ ಹಿಂದಕ್ಕೆ ಹೋಗಿದ್ದರಿಂದ ಒಂದು ಸಂಜೆ ಅದರ ಬೆನ್ನು ಹತ್ತಿದೆ. ಆದರೆ ಆ ತೊಂದರೆಯಲ್ಲಿ ಸಾಮಾನ್ಯವಾಗಿ ಡ್ರೈವಿನ ಹೆಸರು ಕಾಣುತ್ತದೆ, ವಿಂಡೋಸ್ ಮಾತ್ರ ಏಳುವುದಿಲ್ಲ. ಇಲ್ಲಿ ಹೆಸರೇ ಇರಲಿಲ್ಲ.

ಡ್ರೈವ್ ತೆಗೆದು ಯುಎಸ್‌ಬಿ ಕೇಸಿಗೆ ಹಾಕಿದೆ. ಎಲ್ಲ ಫೈಲುಗಳೂ ಇದ್ದವು. ಜಿಎಸ್‌ಟಿ ರಿಟರ್ನ್‌ನ 20ನೇ ತಾರೀಖು ಹತ್ತಿರವಿತ್ತು, ಮೊದಲು ಟ್ಯಾಲಿ ಫೋಲ್ಡರ್ ನಕಲು ಮಾಡಿಕೊಂಡೆ. ಆಮೇಲೆ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರೆ ಆರೋಗ್ಯ ಚೆನ್ನಾಗಿದೆ, ಸಿ7 ಸಾಲಿನಲ್ಲಿ ಮಾತ್ರ ಸಾವಿರ ದಾಟಿದ ಸಿಆರ್‌ಸಿ ದೋಷಗಳು. ಡ್ರೈವಿಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಡೇಟಾ ಕೆಟ್ಟರೆ ಏರುವ ಅಂಕಿ ಅದು. ನನ್ನ ಅನುಮಾನ ಅಲ್ಲಿಂದ ಕೇಬಲ್ ಮೇಲೆ ಗಟ್ಟಿಯಾಗಿ ನಿಂತಿತು. ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ಅದೇ ಜಾಗಕ್ಕೆ ಹಾಕಿದರೆ ಅದೂ ಕಾಣಲಿಲ್ಲ. ಇದನ್ನು ರಿಪೇರಿಯವರಿಗೆ ಹೇಳಿದಾಗ "ಕೇಬಲ್ ಕೆಡುವುದಿಲ್ಲ ಸರ್" ಎಂಬ ಉತ್ತರ ಬಂತು.

ಡ್ರೈವಿನ ಈ ಫ್ಲ್ಯಾಟ್ ಕೇಬಲ್ ಹಾದುಹೋಗುವುದು ಬ್ಯಾಟರಿಯ ಮೇಲೆಯೇ. ಟಾರ್ಚ್ ಹಿಡಿದು ನೋಡಿದೆ. ತುದಿಯ ಹಿಂಬದಿಗೆ ಅಂಟಿರುವ ನೀಲಿ ಪ್ಲಾಸ್ಟಿಕ್ ಪಟ್ಟಿ ಅರ್ಧ ಎದ್ದಿತ್ತು. ಕನೆಕ್ಟರ್‌ನ ಲಾಕ್ ಟಿಕ್ ಎಂದು ಮುಚ್ಚುತ್ತಿತ್ತು, ಉಗುರಿನಿಂದ ಮೆಲ್ಲಗೆ ಎಳೆದರೆ ಕೇಬಲ್ ಹಾಗೆಯೇ ಜಾರಿ ಬರುತ್ತಿತ್ತು. ತುದಿ ತೆಳುವಾಗಿದೆ, ಲಾಕಿಗೆ ಹಿಡಿತ ಸಿಗುತ್ತಿಲ್ಲ.

ಆಲ್ಕೋಹಾಲ್‌ನಿಂದ ಒರೆಸಿದಾಗ ಡ್ರೈವ್ ಒಮ್ಮೆ ಕಂಡಿತು, ಕೆಳಗಿನ ಮುಚ್ಚಳ ಬಿಗಿದ ಕೂಡಲೇ ಮಾಯ. ತುದಿ ದಪ್ಪವಾಗಲೆಂದು ಎಕ್ಸ್‌ರೇ ಫಿಲ್ಮಿನ ಚೂರನ್ನು ಹಿಂದೆ ಕೊಟ್ಟು ನೋಡಿದೆ. ಬಲು ಗಡಸು, ಲಾಕಿನ ಒಂದು ಮಗ್ಗುಲನ್ನೇ ಎತ್ತಿಬಿಟ್ಟಿತು. ಕೊನೆಗೆ ಕೈಹಿಡಿದದ್ದು ಬೋರ್ಡ್ ಕೆಲಸಕ್ಕೆ ಬಳಸುವ ಹಳದಿ ಕ್ಯಾಪ್ಟಾನ್ ಟೇಪ್. ತುದಿ ಒಟ್ಟು 0.3 ಮಿಲಿಮೀಟರ್ ದಪ್ಪ ಬರಬೇಕು. ಒಂದು ಪದರ ಸಾಲಲಿಲ್ಲ, ಮೂರಕ್ಕೆ ಲಾಕ್ ಮುಚ್ಚಲಿಲ್ಲ, ಎರಡಕ್ಕೆ ಬಿಗಿಯಾಗಿ ಕೂತಿತು. ಎದ್ದ ನೀಲಿ ಪಟ್ಟಿಯನ್ನು ಬಿಸಿಲಿಗೂ ಬಿಡದಂತೆ ಕೂರಿಸಿದ್ದು ಯಾವುದರಿಂದ ಎಂಬುದು ನನ್ನ ಬಳಿಯೇ ಇರಲಿ.

ಹೈದರಾಬಾದಿನಿಂದ ಹೊಸ ಕೇಬಲ್ ತರಿಸಿದ್ದರೆ ಕೊರಿಯರ್ ಸೇರಿ 900 ಆಗುತ್ತಿತ್ತು. ಸಿ7 ಅಂಕಿ ಕಳೆದ ವಾರ ನೋಡಿದಾಗಲೂ ಇದ್ದಲ್ಲೇ ಇದೆ. ಅದು ಏರಲು ಶುರುವಾದ ದಿನ ತರಿಸುತ್ತೇನೆ.