‘ಫಸ್ಟ್ ಕಾಪಿ ಅಂತ ಹೇಳೇ ಮಾರಿದ್ದು’ ಅಂದರೆ ಅಮೆರಿಕದಲ್ಲಿ ನಡೆಯೋಲ್ಲ

ದೀಪಾವಳಿ ಮೇಳದಲ್ಲಿ ಸೀರೆ, ಕೋಡುಬಳೆ ಸ್ಟಾಲುಗಳ ನಡುವೆ ಒಂದು ಟೇಬಲ್. ಅದರ ಮೇಲೆ ದೊಡ್ಡ ಕಂಪನಿಯ ಲೋಗೋ ಹೊತ್ತ ಹ್ಯಾಂಡ್‌ಬ್ಯಾಗುಗಳು, ತಲಾ 40 ಡಾಲರ್. ಒಂದರ ಜಿಪ್ಪಿನ ಹೊಲಿಗೆ ಆಗಲೇ ಬಿಟ್ಟುಕೊಂಡಿತ್ತು. "ಒರಿಜಿನಲ್ ಅಲ್ಲಪ್ಪ, ಫಸ್ಟ್ ಕಾಪಿ. ಊರಿಂದ ಬಂದೋರ ಕೈಲಿ ತರಿಸಿದ್ದು" ಅಂದರು ಆಕೆ, ಮುಚ್ಚುಮರೆ ಇಲ್ಲದೆ. ಕೋರ್ಟಿನಲ್ಲಿ ಅವರ ವಿರುದ್ಧ ಸಾಕ್ಷಿ ಆಗುವುದು ಆ ಮಾತೇ.

ನಕಲಿ ಬ್ರ್ಯಾಂಡಿನ ಮಾಲು ಮಾರುವುದನ್ನು ಅಪರಾಧ ಎನ್ನುವ ಅಮೆರಿಕದ ಫೆಡರಲ್ ಕಾನೂನಿನ 18ನೇ ಟೈಟಲ್, 2320ನೇ ಸೆಕ್ಷನ್‌ಗೆ ಕೊಂಡವರು ಮೋಸಹೋಗಿರಲೇಬೇಕು ಎಂದೇನಿಲ್ಲ. ನಾಳೆ ಆ ಬ್ಯಾಗನ್ನು ಬಸ್ಸಿನಲ್ಲಿ ನೋಡುವವರು ಅಸಲಿ ಅಂದುಕೊಳ್ಳುವಂತಿದ್ದರೆ ಸಾಕು ಎಂದು ಕೋರ್ಟುಗಳು ಹೇಳಿವೆ. ಆ ಟ್ರೇಡ್ ಮಾರ್ಕ್ (ಕಂಪನಿಯ ಹೆರು, ಲೋಗೋ) ನೋಂದಣಿಯಾಗಿದೆ ಅಂತ ನಿಮಗೆ ಗೊತ್ತಿರಬೇಕಾಗಿಯೂ ಇಲ್ಲ, ಮಾಲು ನಕಲಿ ಅಂತ ಗೊತ್ತಿದ್ದು ಮಾರಿದರೆ ಆಯಿತು. ಮೊದಲ ಸಲಕ್ಕೆ 10 ವರ್ಷದವರೆಗೆ ಜೈಲು, 20 ಲಕ್ಷ ಡಾಲರ್‌ವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ 20 ವರ್ಷ, 50 ಲಕ್ಷ. ನಕಲಿ ಔಷಧಿಗೆ ಮೊದಲ ಸಲವೇ 20 ವರ್ಷ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ನಕಲಿ ಮಾಲು ಮಾರಿದ ಮೊದಲ ಅಪರಾಧಕ್ಕೆ ಹೆಚ್ಚೆಂದರೆ 3 ವರ್ಷ, 2 ಲಕ್ಷ ರೂಪಾಯಿ. 2006ರಿಂದ ಬರೀ ನಕಲಿ ಲೇಬಲ್, ಟ್ಯಾಗು ಮಾರುವುದೂ ಅಮೆರಿಕದಲ್ಲಿ ಅಪರಾಧವೇ. ಇವೆಲ್ಲ ಗರಿಷ್ಠ ಮಿತಿಗಳು, ನಾಲ್ಕು ಬ್ಯಾಗಿಗೆ ಯಾರೂ ಹತ್ತು ವರ್ಷ ಒಳಗೆ ಹಾಕುವುದಿಲ್ಲ. ಆದರೆ ರಾಜ್ಯಗಳ ಕಾನೂನು ಬೇರೆ ಇದೆ: ನ್ಯೂಯಾರ್ಕಿನಲ್ಲಿ ಮಾಲಿನ ಬೆಲೆ 1,000 ಡಾಲರ್ ದಾಟಿದರೆ ಫೆಲನಿ, ಅಂದರೆ ಗಂಭೀರ ಅಪರಾಧ.

ನಿಮ್ಮ ಸ್ವಂತಕ್ಕೆ ತಂದರೆ? ವಿಮಾನದಲ್ಲಿ ಜೊತೆಗೇ ತಂದ, ಒಂದು ಬಗೆಯ ಒಂದು ವಸ್ತುವಿಗೆ ಕಸ್ಟಮ್ಸ್ ವಿನಾಯಿತಿ ಇದೆ, ಅದೂ 30 ದಿನಕ್ಕೊಮ್ಮೆ. ಪಾರ್ಸೆಲ್‌ನಲ್ಲಿ ತರಿಸಿದ್ದಕ್ಕೆ ಇಲ್ಲ.

ನಮ್ಮವರಿಗೆ ನಿಜವಾದ ಏಟು ಬೀಳುವುದು ವೀಸಾ ಮೇಲೆ. 2320ರ ಅಪರಾಧವನ್ನು ವಲಸೆ ಮೇಲ್ಮನವಿ ಮಂಡಳಿ 2007ರಲ್ಲೇ ನೈತಿಕ ಅಧಃಪತನದ ಅಪರಾಧ ಎಂದಿದೆ. ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ವಲಸೆ ಕಾನೂನಿನ ಲೆಕ್ಕದಲ್ಲಿ ಅತಿ ಗಂಭೀರವಾದ ‘ಅಗ್ರವೇಟೆಡ್ ಫೆಲನಿ’ ಆಗಿ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಶಿಕ್ಷೆ ಅಮಾನತ್ತಿನಲ್ಲಿಟ್ಟು ಜೈಲಿಗೇ ಹೋಗದಿದ್ದರೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ಕ್ರಿಮಿನಲ್ ವಕೀಲರ ಜೊತೆ ಇಮಿಗ್ರೇಷನ್ ವಕೀಲರನ್ನೂ ಕೇಳಿ.

ಇಷ್ಟು ಹೇಳಿದ ಮೇಲೆ ಆಕೆ ಬ್ಯಾಗುಗಳನ್ನು ಟೇಬಲ್ ಕೆಳಗೆ ತಳ್ಳಿದರು. "ಹಾಗಾದ್ರೆ ನಿಪ್ಪಟ್ಟು ಮಾರ್ಲಾ?" ಅಂದರು. ಅವರದು ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಯ ವೀಸಾ; ಕೆಲಸ ಮಾಡಲು ಬೇಕಾದ ಪರವಾನಗಿ (ಇಎಡಿ) ಇಲ್ಲ. ಅದೂ ಆಗುವುದಿಲ್ಲ ಅಂತ ಹೇಳಬೇಕಾಯಿತು.