ಇಂಗ್ಲೆಂಡಿಗೆ ಹೊರಟಿದ್ದೀರಾ? ಖೋಲಿ ಅಳೆದು ಬಾಡಿಗೆ ಹಿಡಿಯಿರಿ

ಪ್ರತಿ ವರ್ಷ ಜುಲೈ ಹೊತ್ತಿಗೆ ನಾನು ಧಾರವಾಡದ ತವರುಮನೆಗೆ ಬರುತ್ತೇನೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ. ಅಷ್ಟರಲ್ಲಿ ಯಾರಾದರೂ ಬಾಗಿಲಿಗೆ ಬರುತ್ತಾರೆ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಓದಲು ಹೊರಟ ಮಕ್ಕಳು, ಜೊತೆಗೆ ಅವರ ಅಪ್ಪ ಅವ್ವ. ಈ ಸಲ ಹುಬ್ಬಳ್ಳಿ ವಿದ್ಯಾನಗರದಿಂದ ಬಂದ ಹುಡುಗ ಖುಷಿಯಿಂದ ಹೇಳಿದ: "ಅಕ್ಕಾರ, ಎಂಟು ಮಂದಿ ಕೂಡಿ ಒಂದು ಮನಿ ಹಿಡದೀವ್ರಿ. ಮೂರು ಬೆಡ್‌ರೂಮಿಂದು. ತಲಿಗೆ ಭಾಳ ಅಗ್ಗ ಬೀಳ್ತದ."

"ಅಗ್ರಿಮೆಂಟಿನಾಗ ಎಷ್ಟು ಮಂದಿ ಹೆಸರು ಅದಾವಪಾ?"

"ಮೂರು ಮಂದೀದ್ರಿ. ಉಳದವರು ಸುಮ್ನ ಇರೋದು."

ಅವನನ್ನು ಕೂರಿಸಿಕೊಂಡು ಒಂದು ತಾಸು ಮಾತಾಡಿದೆ. ಆವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತಿದ್ದೇನೆ.

ನಮಗೆ ಕೂಡಿ ಇರುವುದು ಹೊಸದಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆ ಬಂದ ಹುಡುಗರು ಹತ್ತು ಬೈ ಹತ್ತರ ಖೋಲಿಯಲ್ಲಿ ಮೂರು ಮಂದಿ ಇರುತ್ತಾರೆ. ಪರೀಕ್ಷೆ ಬಂತೆಂದರೆ ಊರಿಂದ ಬಂದ ನಾಲ್ಕನೆಯವನೂ ಚಾಪೆ ಹಾಸಿಕೊಳ್ಳುತ್ತಾನೆ. ಮಾಲೀಕರು ಗೊಣಗಬಹುದು, ನೀರಿನ ಬಗ್ಗೆ ಮಾತು ಬರಬಹುದು, ಅಷ್ಟೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಒಂದು ಮನೆಯಲ್ಲಿ ಎಷ್ಟು ಮಂದಿ ಮಲಗಬಹುದು ಎಂಬುದಕ್ಕೆ ಕಾನೂನು ಇದೆ. ಅದನ್ನು ನೋಡಿಕೊಳ್ಳುವುದು ಕೌನ್ಸಿಲ್, ಅಂದರೆ ನಮ್ಮ ಪಾಲಿಕೆಯಂಥದ್ದು. ಮಾಲೀಕರು "ನನ್ನ ಅಭ್ಯಂತರ ಇಲ್ಲ" ಎಂದರೂ ಕಾನೂನು ಬದಲಾಗುವುದಿಲ್ಲ.

ಮೊದಲು ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಶನ್) ಎಂಬ ಮೂರಕ್ಷರ ತಿಳಿದುಕೊಳ್ಳಿ. ಒಂದಕ್ಕಿಂತ ಜಾಸ್ತಿ ಕುಟುಂಬಕ್ಕೆ ಸೇರಿದ ಮೂರು ಅಥವಾ ಹೆಚ್ಚು ಮಂದಿ ಒಂದೇ ಮನೆಯಲ್ಲಿದ್ದು, ಅಡುಗೆಮನೆ, ಬಚ್ಚಲು ಹಂಚಿಕೊಂಡರೆ ಆ ಮನೆ ಎಚ್‌ಎಂಒ. ಐದು ಮಂದಿಯಾದರೆ ಮಾಲೀಕರು ಕೌನ್ಸಿಲ್‌ನಿಂದ ಲೈಸೆನ್ಸ್ ತೆಗೆದುಕೊಳ್ಳಲೇಬೇಕು. ಕೆಲವು ಊರುಗಳಲ್ಲಿ ಮೂರ್ನಾಲ್ಕು ಮಂದಿ ಇದ್ದರೂ ಲೈಸೆನ್ಸ್ ಬೇಕು. ಕುಟುಂಬ ಅಂದರೆ ಯಾರು ಅನ್ನುವುದನ್ನೂ ಕಾನೂನೇ ಹೇಳುತ್ತದೆ. ಗಂಡ ಹೆಂಡತಿ, ಅಪ್ಪ ಅವ್ವ, ಅಜ್ಜ ಅಜ್ಜಿ, ಅಣ್ಣ ತಮ್ಮಂದಿರು, ಕಾಕಾ, ಸೋದರಮಾವ, ಅತ್ತೆ, ದೊಡ್ಡಪ್ಪನ ಮಕ್ಕಳು ಎಲ್ಲರೂ ಅದರಲ್ಲಿ ಬರುತ್ತಾರೆ. ಆದರೆ ನಮ್ಮೂರವನು, ಒಡಹುಟ್ಟಿದವನಂತೆ ಇದ್ದಾನೆ ಅಂದರೆ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಓಣಿಯ ಐದು ಗೆಳೆಯರು ಅಲ್ಲಿ ಐದು ಕುಟುಂಬ.

ಇನ್ನು ಖೋಲಿಯ ಅಳತೆ. 2018ರ ಅಕ್ಟೋಬರ್ 1ರಿಂದ ಲೈಸೆನ್ಸ್ ಇರುವ ಎಚ್‌ಎಂಒ ಮನೆಗಳಿಗೆ ಈ ನಿಯಮ ಬಂತು. ಹತ್ತು ವರ್ಷ ದಾಟಿದ ಒಬ್ಬರು ಮಲಗಲು ಕನಿಷ್ಠ 6.51 ಚದರ ಮೀಟರ್, ಇಬ್ಬರಿಗೆ 10.22 ಚದರ ಮೀಟರ್ ಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 70 ಮತ್ತು 110 ಚದರಡಿ. 4.64 ಚದರ ಮೀಟರಿಗಿಂತ ಚಿಕ್ಕದಿದ್ದರೆ, ಅಂದರೆ ಸುಮಾರು 50 ಚದರಡಿ ಇಲ್ಲದಿದ್ದರೆ, ಅಲ್ಲಿ ಮಗುವನ್ನೂ ಮಲಗಿಸುವಂತಿಲ್ಲ. ಸಪ್ತಾಪುರದ ಆ ಹತ್ತು ಬೈ ಹತ್ತರ ಖೋಲಿ ನೆನಪಿಸಿಕೊಳ್ಳಿ. 100 ಚದರಡಿ. ಇಂಥ ಮನೆಯಲ್ಲಿ ಅದು ಒಬ್ಬರಿಗೆ ಮಾತ್ರ. ಇವು ಕನಿಷ್ಠ ಅಳತೆಗಳು. ಕೌನ್ಸಿಲ್ ಇದಕ್ಕಿಂತ ಜಾಸ್ತಿ ಕೇಳಬಹುದು. ಒಂದೊಂದು ಊರಿನದು ಒಂದೊಂದು ಥರ ಇರುತ್ತದೆ. ನೀವು ಹೋಗುವ ಊರಿನ ಕೌನ್ಸಿಲ್ ವೆಬ್‌ಸೈಟ್ ನೋಡಿ.

ಅಟ್ಟದ ಖೋಲಿಗಳ ಬಗ್ಗೆ ಎಚ್ಚರ. ನಮ್ಮಲ್ಲಿ ಅಟ್ಟ ಅಂದರೆ ಹಳೇ ಪಾತ್ರೆ ಪಗಡೆ ಇಡುವ ಜಾಗ. ಅಲ್ಲಿ ಅದಕ್ಕೆ ಕಿಟಕಿ ಕೂರಿಸಿ, ಮಂಚ ಹಾಕಿ ಬಾಡಿಗೆಗೆ ಕೊಡುತ್ತಾರೆ. ಫೋಟೋದಲ್ಲಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಚಾವಣಿ ಇಳಿಜಾರು. ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದು ಅಡಿಗಿಂತ, ಕಡಿಮೆ ಎತ್ತರವಿರುವ ಜಾಗವನ್ನು ಅಳತೆಯಲ್ಲಿ ಸೇರಿಸುವಂತಿಲ್ಲ. ತಲೆ ತಾಗುವ ಮೂಲೆಗಳನ್ನೆಲ್ಲ ಬಿಟ್ಟು ಅಳೆದರೆ ಎಷ್ಟೋ ಅಟ್ಟದ ಖೋಲಿಗಳು 70 ಚದರಡಿಗೆ ಬರುವುದಿಲ್ಲ. ಹೋಗುವಾಗ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಅಳತೆ ಟೇಪು ಕೊಂಡುಕೊಳ್ಳಿ. ಮನೆಯನ್ನು ವಿಡಿಯೋ ಕಾಲಿನಲ್ಲಿ ನೋಡುವುದಾದರೆ, ಆ ಕಡೆ ಇರುವವರಿಗೆ ಟೇಪು ಹಿಡಿದು ತೋರಿಸಲು ಹೇಳಿ. ಕೇಳಲು ನಾಚಿಕೆ ಬೇಡ.

ಇಷ್ಟೆಲ್ಲ ಯಾಕೆ ಅಂತ ಆ ಹುಡುಗನ ಅಪ್ಪ ಕೇಳಿದರು. ಅಲ್ಲಿ ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿಯೇ ಇರುತ್ತವೆ. ಎಂಟು ಮಂದಿಯ ಉಸಿರು, ಅಡುಗೆಯ ಆವಿ, ಒಳಗೇ ಒಣಹಾಕಿದ ಒದ್ದೆ ಬಟ್ಟೆ. ಎಲ್ಲ ತೇವವೂ ತಣ್ಣನೆಯ ಗೋಡೆಗೆ ಹೋಗಿ ಕೂರುತ್ತದೆ. ಒಂದೆರಡು ತಿಂಗಳಲ್ಲಿ ಮೂಲೆಯಲ್ಲಿ ಕರೀ ಬೂಷ್ಟು ಬರುತ್ತದೆ. ಆಮೇಲೆ ಕೆಮ್ಮು, ದಮ್ಮು. ಬೆಂಕಿಯ ಭಯ ಇನ್ನೂ ದೊಡ್ಡದು. ಹಳೇ ಮನೆಗಳಲ್ಲಿ ಮೆಟ್ಟಿಲು ಇಕ್ಕಟ್ಟು. ರಾತ್ರಿ ಹೊಗೆ ಎದ್ದರೆ ಎಂಟು ಮಂದಿ ಒಂದೇ ಮೆಟ್ಟಿಲಲ್ಲಿ ಇಳಿಯಬೇಕು. ಬಾಡಿಗೆ ಮನೆಯ ಪ್ರತಿ ಅಂತಸ್ತಿನಲ್ಲೂ ಹೊಗೆ ಅಲಾರಂ ಇರಬೇಕು ಅನ್ನುವುದೂ ಕಾನೂನೇ. ಖೋಲಿಗೆ ಕಾಲಿಟ್ಟ ದಿನವೇ ಅದರ ಗುಂಡಿ ಒತ್ತಿ ನೋಡಿ.

ಇಂಗ್ಲೆಂಡಿನಲ್ಲಿ ನನ್ನ ಮೊದಲ ವರ್ಷದ ಮಾತು ಹೇಳುತ್ತೇನೆ. ಮೂರು ಬೆಡ್‌ರೂಮಿನ ಮನೆಯಲ್ಲಿ ಏಳು ಮಂದಿ ಇದ್ದೆವು. ಅಗ್ರಿಮೆಂಟಿನಲ್ಲಿ ನಾಲ್ಕು ಹೆಸರು. ನನ್ನದು ಇರಲಿಲ್ಲ. ಡಿಪಾಸಿಟ್ಟನ್ನು ಮನೆ ಹಿಡಿದಿದ್ದ ಗೆಳತಿಯ ಕೈಗೆ ನೋಟುಗಳಲ್ಲಿ ಕೊಟ್ಟಿದ್ದೆ. ರಸೀದಿ ಕೇಳುವುದು ಸರಿಯಲ್ಲ ಅನ್ನಿಸಿತ್ತು. ಫೆಬ್ರವರಿಯಲ್ಲಿ ಕೌನ್ಸಿಲ್ ಅಧಿಕಾರಿ ಬಂದು ಮಂಚಗಳನ್ನು ಎಣಿಸಿದರು. ಮಾಲೀಕರು, ನಾನು ನಾಲ್ಕು ಮಂದಿಗಷ್ಟೇ ಮನೆ ಕೊಟ್ಟದ್ದು ಎಂದುಬಿಟ್ಟರು. ಅವರ ಕೈಯಲ್ಲಿ ಕಾಗದ ಇತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ. ವಾರದೊಳಗೆ ಎರಡು ಸೂಟ್‌ಕೇಸ್ ಹಿಡಿದು ಹೊರಗೆ ಬಂದೆ. ಡಿಪಾಸಿಟ್ಟು ವಾಪಸ್ ಬರಲಿಲ್ಲ. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಮನೆಗೆ ಫೋನ್ ಮಾಡಿ, ಎಲ್ಲ ಆರಾಮ ಇದೆ ಅವ್ವಾ ಅಂತ ಸುಳ್ಳು ಹೇಳಿದೆ. ಈ ಕಷ್ಟ ನಿಮ್ಮ ಮಗಳಿಗೆ ಬರಬಾರದು.

ಅದಕ್ಕೇ ಕೇಳಿಕೊಳ್ಳುತ್ತೇನೆ, ನಿಮ್ಮ ಹೆಸರು ಕಾಗದದ ಮೇಲೆ ಇರಲಿ. ಮನೆಯಲ್ಲಿ ನೆಲೆಸುವ 18 ದಾಟಿದ ಪ್ರತಿಯೊಬ್ಬರಿಗೂ ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇರುವ ಹಕ್ಕಿದೆಯೇ ಎಂದು ಮಾಲೀಕರು ವೀಸಾ ನೋಡಿ ಖಚಿತ ಮಾಡಿಕೊಳ್ಳಬೇಕು. ಆ ತಪಾಸಣೆ ನಿಮಗೆ ಆಗಿಲ್ಲ ಅಂದರೆ, ಕಾಗದದಲ್ಲಿ ನೀವು ಆ ಮನೆಯಲ್ಲೇ ಇಲ್ಲದಿರಬಹುದು. ಡಿಪಾಸಿಟ್ಟಿಗೂ ಮಿತಿ ಇದೆ. ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ವರ್ಷದ ಬಾಡಿಗೆ 50,000 ಪೌಂಡ್ ಮುಟ್ಟಿದರೆ ಆರು ವಾರ. ಕೊಟ್ಟ 30 ದಿನದೊಳಗೆ ಅದನ್ನು ಸರಕಾರ ಒಪ್ಪಿದ ಯೋಜನೆಯಲ್ಲಿ ಇಟ್ಟು, ವಿವರವನ್ನು ನಿಮಗೆ ಕೊಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ನಂಬಲಿಕ್ಕೇ ಆಗುವುದಿಲ್ಲ, ಅಲ್ವಾ?

ಮನೆ ನಿಮ್ಮ ಹೆಸರಿನಲ್ಲಿದ್ದು, ನೀವೇ ಉಳಿದವರಿಂದ ದುಡ್ಡು ವಸೂಲು ಮಾಡಿ ಮಾಲೀಕರಿಗೆ ಕೊಡುತ್ತಿದ್ದರೆ ಇನ್ನೂ ಜೋಪಾನ. ಕಾನೂನಿನ ಕಣ್ಣಿಗೆ ನೀವೇ ಮಾಲೀಕರಂತೆ ಕಾಣಬಹುದು. ಗೆಳೆಯರಿಗೆ ಸಹಾಯ ಮಾಡಲು ಹೋಗಿ ತಪ್ಪಿತಸ್ಥರಾಗಬೇಡಿ. ಕೌನ್ಸಿಲ್ ತೆರಿಗೆ ಅಂತ ಒಂದಿದೆ. ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಅದಕ್ಕೆ ವಿನಾಯಿತಿ ಸಿಗುತ್ತದೆ. ಓದು ಮುಗಿಸಿ ಕೆಲಸಕ್ಕೆ ಸೇರಿದ ಒಬ್ಬ ಗೆಳೆಯ ಬಂದು ಸೇರಿಕೊಂಡರೂ ಮನೆಗೆ ಬಿಲ್ ಬರುತ್ತದೆ.

ಸಂಸಾರ ಕಟ್ಟಿಕೊಂಡು ಹೋಗುವವರಿಗೆ ಲೆಕ್ಕ ಬೇರೆ. 1985ರ ಹೌಸಿಂಗ್ ಆಕ್ಟ್ ಪ್ರಕಾರ ಒಂದು ಖೋಲಿಗೆ ಇಬ್ಬರು, ಎರಡಕ್ಕೆ ಮೂವರು, ಮೂರಕ್ಕೆ ಐವರು. ಇಲ್ಲಿ ಹಾಲ್ ಕೂಡ ಮಲಗುವ ಖೋಲಿ ಎಂದೇ ಲೆಕ್ಕ. ವರ್ಷ ತುಂಬದ ಕೂಸನ್ನು ಎಣಿಸುವುದಿಲ್ಲ. ಒಂದರಿಂದ ಹತ್ತು ವರ್ಷದೊಳಗಿನ ಮಗು ಅರ್ಧ. ಹಾಗಾಗಿ ಒಂದು ಬೆಡ್‌ರೂಮ್, ಒಂದು ಹಾಲ್ ಇರುವ ಮನೆಯಲ್ಲಿ ಗಂಡ, ಹೆಂಡತಿ, ಎರಡು ಚಿಕ್ಕ ಮಕ್ಕಳು ಇದ್ದರೆ ಎರಡು, ಅರ್ಧ, ಅರ್ಧ, ಒಟ್ಟು ಮೂರು. ಸರಿಹೋಯಿತು. ಖೋಲಿಗಳು ತೀರಾ ಚಿಕ್ಕದಿದ್ದರೆ ಮಾತ್ರ ಈ ಸಂಖ್ಯೆ ಇನ್ನೂ ಇಳಿಯುತ್ತದೆ. ಇನ್ನೊಂದು ನಿಯಮವಿದೆ. ಹತ್ತು ತುಂಬಿದ ಮಗ, ಮಗಳು ಒಂದೇ ಖೋಲಿಯಲ್ಲಿ ಮಲಗಬೇಕಾದ ಪರಿಸ್ಥಿತಿ ಇರಬಾರದು. ಮಕ್ಕಳು ಎಂಟು ಒಂಬತ್ತಕ್ಕೆ ಬಂದಾಗಲೇ ದೊಡ್ಡ ಮನೆ ಹುಡುಕಲು ಶುರು ಮಾಡಿ.

ಬಾಣಂತನಕ್ಕೆ ಅವ್ವ ಅಪ್ಪ ಬಂದರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಹೆದರಬೇಡಿ. ಬೇರೆ ಕಡೆ ನೆಲೆಸಿದ ಮನೆಮಂದಿ ಸ್ವಲ್ಪ ದಿನ ಬಂದು ಮಲಗಿದರೆ ಆ ಕಾನೂನಿನಲ್ಲಿ ಅಪರಾಧವಲ್ಲ. ಆದರೂ ಅಗ್ರಿಮೆಂಟಿನಲ್ಲಿ ಅತಿಥಿಗಳು ಎಷ್ಟು ದಿನ ಇರಬಹುದು ಅಂತ ಬರೆದಿರಬಹುದು. ಓದಿಕೊಂಡು ಮಾಲೀಕರಿಗೆ ಮೊದಲೇ ಒಂದು ಇಮೇಲ್ ಹಾಕಿ. ಬಾಯಿಮಾತಿಗೆ ಅಲ್ಲಿ ಬೆಲೆ ಕಡಿಮೆ.

ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ಗೆ ಹೋಗುವವರು ಅಲ್ಲಿಯ ನಿಯಮ ಬೇರೆಯಾಗಿ ನೋಡಬೇಕು.

ಈಗಾಗಲೇ ಮಿತಿ ಮೀರಿ ಮಂದಿ ತುಂಬಿದ ಮನೆಯಲ್ಲಿ ಸಿಕ್ಕಿಕೊಂಡಿದ್ದೀರಾ? ದೂರು ಕೊಟ್ಟರೆ ವೀಸಾ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಬಾಡಿಗೆ ಮನೆ ಸರಿಯಿಲ್ಲ ಎಂದು ಹೇಳುವುದು ವೀಸಾ ತಪ್ಪಲ್ಲ. ಮೊದಲು ನಿಮ್ಮ ಯೂನಿವರ್ಸಿಟಿಯ ವಿದ್ಯಾರ್ಥಿ ಸಲಹಾ ಕೇಂದ್ರಕ್ಕೆ ಹೋಗಿ. ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆಗಳು ದುಡ್ಡು ತೆಗೆದುಕೊಳ್ಳದೆ ಸಲಹೆ ಕೊಡುತ್ತವೆ. ಮಾಲೀಕರು ಬೇಕಾದ ಲೈಸೆನ್ಸ್ ಇಲ್ಲದೆ ಬಾಡಿಗೆ ತೆಗೆದುಕೊಂಡಿದ್ದರೆ, ಅದನ್ನು ವಾಪಸ್ ಕೊಡಿಸಿ ಎಂದು ಬಾಡಿಗೆದಾರರು ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಅದಕ್ಕೆ ಬ್ಯಾಂಕಿನಿಂದ ಬಾಡಿಗೆ ಕಟ್ಟಿದ ದಾಖಲೆ ಬೇಕಾಗುತ್ತದೆ. ಹಾಗಾಗಿ ಮೊದಲ ತಿಂಗಳಿಂದಲೇ ಕೈಯಲ್ಲಿ ನೋಟು ಕೊಡಬೇಡಿ.

ವಿದ್ಯಾನಗರದ ಹುಡುಗ ಆವತ್ತು ಸಂಜೆಯೇ ಗೆಳೆಯರಿಗೆ ಫೋನ್ ಮಾಡಿದ. ಮೂವರು ಆ ಮನೆಯಲ್ಲೇ ಉಳಿದರು. ಇನ್ನುಳಿದ ಐವರು ಲೈಸೆನ್ಸ್ ಇರುವ ಐದು ಖೋಲಿಯ ಮನೆ ಹುಡುಕುತ್ತಿದ್ದಾರೆ. ತಲೆಗೆ ತಿಂಗಳಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಅವನ ಅವ್ವ ಹೋಗುವಾಗ, "ಇರ್ಲಿ ಬಿಡ್ರಿ, ನನ್ನ ಮಗ ಕಾಲು ಚಾಚಿ ಮಲಗ್ತಾನಲ್ಲಾ" ಎಂದರು.