ಎರಡು ಆಯಾಮದ ಅರೇ ವಾಪಸ್ ಕೊಡಲು ನಾನು ಹಿಡಿದ ದಾರಿ

ಸಿ ಭಾಷೆಯಲ್ಲಿ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಿ ಉತ್ತರವನ್ನು ವಾಪಸ್ ಕೊಡುವ ಫಂಕ್ಷನ್ ಬೇಕಿತ್ತು. ಮೊದಲ ಸಲ ಫಂಕ್ಷನ್ ಒಳಗೇ ಅರೇ ಘೋಷಿಸಿ ಅದನ್ನೇ ರಿಟರ್ನ್ ಮಾಡಿದೆ. ಫಂಕ್ಷನ್ ಮುಗಿದ ಕೂಡಲೇ ಸ್ಟ್ಯಾಕಿನಲ್ಲಿದ್ದ (ಫಂಕ್ಷನ್ನಿನ ತಾತ್ಕಾಲಿಕ ಮೆಮೊರಿಯಲ್ಲಿದ್ದ) ಆ ಅರೇಯ ಆಯುಷ್ಯವೂ ಮುಗಿಯುತ್ತದೆ. ಕಂಪೈಲರ್ ಎಚ್ಚರಿಸಿತ್ತು, ನಾನು ಓದಿರಲಿಲ್ಲ.

ಹಾಗಾಗಿ ಫಂಕ್ಷನ್ ಮುಗಿದರೂ ಉಳಿಯುವ ಮೆಮೊರಿ ಕೊಡುವ ಮ್ಯಾಲಕ್‌ಗೆ ಬಂದೆ. ಸಾಲುಗಳ ವಿಳಾಸ ಇಡಲು ಒಂದು ಪಟ್ಟಿ, ಆಮೇಲೆ ಲೂಪ್‌ನಲ್ಲಿ ಪ್ರತಿ ಸಾಲಿಗೂ ಒಂದೊಂದು ಮ್ಯಾಲಕ್. 3 ಸಾಲಿನ ಪರೀಕ್ಷೆ ಸರಿಯಾಗಿ ನಡೆಯಿತು. 100 ಸಾಲು ಕೊಟ್ಟೆ, ಸೆಗ್ಮೆಂಟೇಶನ್ ಫಾಲ್ಟ್! ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಬಿದ್ದುಹೋಯಿತು. ಗಂಟೆಗಟ್ಟಲೆ ಗುಣಾಕಾರದ ಲೂಪನ್ನೇ ತಡಕಾಡಿದೆ. ಕೊನೆಗೆ ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್ ಓಡಿಸಿದರೆ ಅದು ತೋರಿಸಿದ್ದು ಬೇರೆಯದೇ ಜಾಗ: 400 ಬೈಟ್‌ಗಳ ಬ್ಲಾಕಿನ ಅಂಚು ದಾಟಿ 8 ಬೈಟ್ ಬರೆಯಲಾಗುತ್ತಿದೆ. ಪಟ್ಟಿಗೆ ಜಾಗ ಕೇಳುವಾಗ ಪಾಯಿಂಟರ್‌ನ (ವಿಳಾಸದ) ಸೈಜ್ ಬದಲು ಇಂಟ್‌ನ (ಪೂರ್ಣಾಂಕದ) ಸೈಜ್ ಹಾಕಿದ್ದೆ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ 8 ಬೈಟ್, ಇಂಟ್ 4. ಬೇಕಾದದ್ದು 800, ಕೇಳಿದ್ದು 400. ಪಟ್ಟಿಯ ಕೊನೆಯ ವಿಳಾಸಗಳು ಪಕ್ಕದಲ್ಲಿದ್ದ ಮೊದಲ ಸಾಲಿನ ಮೇಲೆ ಕೂತಿದ್ದವು. ಆ ಸಾಲಿಗೆ ಅಂಕಿ ತುಂಬಿದೊಡನೆ ವಿಳಾಸಗಳು ಅಳಿಸಿಹೋದವು. 3 ಸಾಲಿಗೆ ಕೇಳಿದ್ದು 12 ಬೈಟ್ ಆದರೂ ಮೆಮೊರಿ ಹಂಚುವ ಅಲೊಕೇಟರ್ ಕನಿಷ್ಠ 24 ಕೊಟ್ಟಿತ್ತು, ಅದಕ್ಕೇ ತಪ್ಪು ಮುಚ್ಚಿಹೋಗಿತ್ತು. ಅಂದಿನಿಂದ, ಗಾತ್ರ ಹೇಳುವ ಸೈಜ್‌ಆಫ್‌ಗೆ ಟೈಪ್ ಹೆಸರು ಕೊಡುವುದಿಲ್ಲ. ಯಾವ ಪಾಯಿಂಟರಿಗೆ ಜಾಗ ಕೇಳುತ್ತಿದ್ದೇನೋ ಅದರ ಮುಂದೆ ನಕ್ಷತ್ರ (*) ಹಾಕಿ ಅದನ್ನೇ ಕೊಡುತ್ತೇನೆ.

ಈಗ ಸಾಲಿಗೊಂದು ಮ್ಯಾಲಕ್ ಅನ್ನುವುದನ್ನೇ ಬಿಟ್ಟಿದ್ದೇನೆ. ಆ ಪದ್ಧತಿಯಲ್ಲಿ 40ನೇ ಸಾಲಿಗೆ ಮೆಮೊರಿ ಸಿಗದಿದ್ದರೆ ಹಿಂದಿನ 39ನ್ನೂ ಪಟ್ಟಿಯನ್ನೂ ಒಂದೊಂದಾಗಿ ಫ್ರೀ ಮಾಡಬೇಕು, ಅಂದರೆ ಮೆಮೊರಿ ಹಿಂದಿರುಗಿಸಬೇಕು. ಬದಲಿಗೆ ಸಾಲುಗಳ ಸಂಖ್ಯೆ, ಕಾಲಂಗಳ ಸಂಖ್ಯೆ ಮತ್ತು ಒಂದೇ ಪಾಯಿಂಟರ್ ಇರುವ ಸ್ಟ್ರಕ್ಟ್ (ಹಲವು ಮೌಲ್ಯಗಳ ಒಂದು ಕಟ್ಟು) ಮಾಡಿಕೊಂಡು ಅದನ್ನೇ ರಿಟರ್ನ್ ಮಾಡುತ್ತೇನೆ. ಇಡೀ ಮ್ಯಾಟ್ರಿಕ್ಸಿಗೆ ಒಂದೇ ಕ್ಯಾಲಕ್ (ಸೊನ್ನೆ ತುಂಬಿ ಕೊಡುವ ಮ್ಯಾಲಕ್), ಕೊನೆಯಲ್ಲಿ ಒಂದೇ ಫ್ರೀ. ಅಂಕಿಗಳು ಸಾಲಾಗಿ ಒತ್ತೊತ್ತಾಗಿ ಇರುವುದರಿಂದ ಪ್ರೊಸೆಸರಿನ ವೇಗದ ಮೆಮೊರಿಯಾದ ಕ್ಯಾಶ್‌ಗೂ ಅನುಕೂಲ. ಆ ಫ್ರೀ ಈ ಫಂಕ್ಷನ್ ಅನ್ನು ಕರೆದವರ ಹೊಣೆ. ಇದನ್ನು ಫಂಕ್ಷನ್ ಮೇಲೆ ಕಾಮೆಂಟಿನಲ್ಲಿ ಬರೆದೇ ಬರೆಯುತ್ತೇನೆ.

a[i][j] ಎಂದು ಎರಡು ಚೌಕ ಆವರಣದಲ್ಲಿ ಬರೆಯುವ ಸೊಗಸು ಇಲ್ಲಿಲ್ಲ, ನಿಜ. ಸಾಲಿನ ಸೂಚ್ಯಂಕವನ್ನು ಕಾಲಂಗಳ ಸಂಖ್ಯೆಯಿಂದ ಗುಣಿಸಿ, ಕಾಲಂ ಸೂಚ್ಯಂಕ ಕೂಡಿಸಬೇಕು. ಕಾಲಂಗಳ ಬದಲು ಸಾಲುಗಳ ಸಂಖ್ಯೆಯಿಂದ ಗುಣಿಸಿಬಿಟ್ಟರೆ ಚೌಕ ಮ್ಯಾಟ್ರಿಕ್ಸಿನಲ್ಲಿ ತಪ್ಪು ಗೊತ್ತೇ ಆಗುವುದಿಲ್ಲ. ಹಾಗಾಗಿ ನನ್ನ ಮೊದಲ ಪರೀಕ್ಷೆ ಯಾವಾಗಲೂ 2 ಸಾಲು, 5 ಕಾಲಂ.